ಪಾರ್ಸೆಲ್ ನಿಜಕ್ಕೂ ಯಾವ ಊರಿಂದ ಹೊರಟಿತು? ಆನ್‌ಲೈನ್ ಮಾರಾಟಗಾರರ ಮಾತನ್ನು ಒರೆಗೆ ಹಚ್ಚುವ ಬಗೆ

ಈ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತಲೇ ಇದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಓದುಗರು ಕೇಳುವುದು ಹೀಗೆ: "ಕೂರ್ಗ್ ಜೇನು, ತೋಟದಿಂದಲೇ ನೇರ ರವಾನೆ ಎಂದು ಬರೆದಿತ್ತು. ಬಂದ ಡಬ್ಬದ ಮೇಲೆ ಹರಿಯಾಣದ ವಿಳಾಸ ಇದೆ. ಏನು ಮಾಡಲಿ?" ಕೊಡಗಿನೊಳಗಿನವರ ಪ್ರಶ್ನೆ ಬೇರೆ: "ಕಳೆ ಕೊಚ್ಚುವ ಮೆಷಿನ್ನಿನ ಕಾರ್ಬುರೇಟರ್ ಬೆಂಗಳೂರಲ್ಲೇ ಸ್ಟಾಕ್ ಇದೆ, ಮೂರು ದಿನದಲ್ಲಿ ಕೈಗೆ ಬರುತ್ತದೆ ಎಂದಿದ್ದರು. ವಾರಗಳು ಕಳೆದವು. ಈಗ ನೋಡಿದರೆ ಸಾಮಾನು ಚೀನಾದಿಂದ ಹೊರಟಿದೆ." ಇಬ್ಬರಿಗೂ ಆದದ್ದು ಒಂದೇ. ಮಾರಾಟಗಾರ ರವಾನೆಯ ಊರನ್ನು ತಪ್ಪಾಗಿ ಹೇಳಿದ್ದಾನೆ. ಪತ್ತೆ ಮಾಡುವ ದಾರಿಯೂ, ಹಣ ವಾಪಸ್ ಪಡೆಯುವ ದಾರಿಯೂ ಇಬ್ಬರಿಗೂ ಒಂದೇ.

ಊರು ಯಾವುದಾದರೇನು, ಸಾಮಾನು ಬಂದರೆ ಸಾಕಲ್ಲ ಎನ್ನುವವರಿದ್ದಾರೆ. ಕೊಡಗಿನಲ್ಲಿ ಕೂತು ಹಾಗೆ ಹೇಳಲಾಗದು. ಇಲ್ಲಿಗೆ ರೈಲಿಲ್ಲ. ಪಾರ್ಸೆಲ್ ಬರುವುದು ಹೆಚ್ಚಾಗಿ ಮೈಸೂರಿನಿಂದ ರಸ್ತೆಯಲ್ಲಿ, ಕುಶಾಲನಗರದ ಕಡೆಯಿಂದಲೋ ಗೋಣಿಕೊಪ್ಪದ ಕಡೆಯಿಂದಲೋ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಅದೂ ತಡ. ಹೀಗಿರುವಾಗ ಬೆಂಗಳೂರಿನಿಂದ ಹೊರಡುವ ಪಾರ್ಸೆಲ್ಲಿಗೂ ದೆಹಲಿಯಿಂದ ಹೊರಡುವುದಕ್ಕೂ ಹೊರದೇಶದಿಂದ ಹೊರಡುವುದಕ್ಕೂ ಇರುವ ವ್ಯತ್ಯಾಸ ದಿನಗಳದ್ದಲ್ಲ, ಫಸಲಿನದ್ದು. ರೊಬಸ್ಟಾ ಕಾಫಿ ತೋಟಕ್ಕೆ ಫೆಬ್ರವರಿ, ಮಾರ್ಚ್ ಹೊತ್ತಿನಲ್ಲಿ ಹೂವಿಗೆ ನೀರು ಕೊಡಬೇಕು. ಅದಾದ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಮ್ಮೆ ನೀರು ಬೇಕು. ಅಷ್ಟರೊಳಗೆ ಪಂಪಿನ ಬಿಡಿಭಾಗ ಬಾರದಿದ್ದರೆ ಆಮೇಲೆ ಬಂದೂ ಉಪಯೋಗವಿಲ್ಲ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಔಷಧ) ಹೊಡೆಯುವ ಸ್ಪ್ರೇಯರಿನ ನಳಿಕೆಗೂ ಇದೇ ಮಾತು.

ತೋಟ ಇಲ್ಲದ ಗ್ರಾಹಕನಿಗೂ ನಷ್ಟವಿದೆ. ಹೊರದೇಶದಿಂದ ಬಂದ ವಸ್ತುವಿಗೆ ಸುಂಕ ಬೀಳಬಹುದು, ಕೆಟ್ಟರೆ ವಾರಂಟಿ ಸಿಗದಿರಬಹುದು, ಹಿಂದಿರುಗಿಸುವ ಖರ್ಚು ವಸ್ತುವಿನ ಬೆಲೆಗಿಂತ ಹೆಚ್ಚಾಗಬಹುದು. ಇನ್ನು, ಎಲ್ಲಿಯದೋ ಕರಿಮೆಣಸಿಗೆ, ಎಲ್ಲಿಯದೋ ಜೇನಿಗೆ ಕೊಡಗಿನ ಹೆಸರು ಹಚ್ಚಿ ಮಾರಿದಾಗ ನಿಜವಾಗಿ ಇಲ್ಲಿ ಬೆಳೆದವರ ಬೆಲೆ ಕುಸಿಯುತ್ತದೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಿನ ಸಂಗತಿ.

ಶುರು ಮಾಡುವ ಮೊದಲು: ಮೂರು ಊರುಗಳನ್ನು ಬೆರೆಸಬೇಡಿ

ನನಗೆ ಬರುವ ದೂರುಗಳಲ್ಲಿ ಒಂದಷ್ಟು ಮೋಸವೇ ಅಲ್ಲ, ತಪ್ಪು ತಿಳಿವಳಿಕೆ. ಒಂದು ವಸ್ತುವಿಗೆ ಮೂರು ಊರುಗಳು ಅಂಟಿಕೊಂಡಿರುತ್ತವೆ.

ಮೊದಲನೆಯದು ವಸ್ತು ಹುಟ್ಟಿದ ಊರು: ಬೆಳೆದ ಜಾಗ ಅಥವಾ ತಯಾರಾದ ದೇಶ. ಎರಡನೆಯದು ಮಾರಾಟಗಾರನ ವ್ಯವಹಾರದ ವಿಳಾಸ. ಮೂರನೆಯದು ರವಾನೆಯ ಜಾಗ, ಅಂದರೆ ಪಾರ್ಸೆಲ್ ಹೊರಟ ಗೋದಾಮು ಅಥವಾ ಅಂಗಡಿ.

ಕೊಡಗಿನ ಸಿದ್ದಾಪುರದ ತೋಟದವರೊಬ್ಬರು ತಮ್ಮದೇ ಕಾಫಿಪುಡಿಯನ್ನು ದೊಡ್ಡ ಮಾರಾಟ ತಾಣದ ಬೆಂಗಳೂರು ಗೋದಾಮಿನಲ್ಲಿ ಇಟ್ಟಿರಬಹುದು. ಪಾರ್ಸೆಲ್ ಬೆಂಗಳೂರಿನಿಂದ ಬಂದಿತೆಂದು ಅವರನ್ನು ಕಳ್ಳರೆನ್ನುವುದು ಅನ್ಯಾಯ. ಹಾಗೆಯೇ ಮಡಿಕೇರಿಯ ಅಂಗಡಿಯಿಂದಲೇ ಹೊರಟ ಪೊಟ್ಟಣದೊಳಗೆ ವಿಯೆಟ್ನಾಂ ಮೆಣಸು ಇರಬಹುದು. ಅಲ್ಲಿ ರವಾನೆಯ ಊರು ಸರಿ, ಹುಟ್ಟಿದ ಊರು ಸುಳ್ಳು. ಆದ್ದರಿಂದ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಮಾರಾಟಗಾರ ಈ ಮೂರರಲ್ಲಿ ಯಾವುದರ ಬಗ್ಗೆ ಮಾತು ಕೊಟ್ಟಿದ್ದ? ಆ ಮಾತು ಅವನ ಪುಟದಲ್ಲಿ ಬರೆದಿತ್ತೇ, ಅಥವಾ ಹೆಸರಲ್ಲಿ "ಕೂರ್ಗ್" ಇದ್ದದ್ದನ್ನು ನೋಡಿ ನೀವು ಊಹಿಸಿದ್ದೇ? ದೂರು ನಿಲ್ಲುವುದೂ ಬೀಳುವುದೂ ಇಲ್ಲೇ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: ಫೋನು, ವಸ್ತುವಿನ ಪುಟದ ಸ್ಕ್ರೀನ್‌ಶಾಟ್‌ಗಳು, ಬಿಲ್ಲು, ಟ್ರ್ಯಾಕಿಂಗ್ ನಂಬರ್, ಪಾರ್ಸೆಲ್ ಮೇಲಿನ ಚೀಟಿ. ಈ ಕೊನೆಯದನ್ನು ಹರಿದು ಒಲೆಗೆ ಹಾಕುವವರೇ ಹೆಚ್ಚು. ಹಾಕಬೇಡಿ.

1. ಹಣ ಕೊಡುವ ಮೊದಲು ಮಾರಾಟಗಾರನ ಪುಟ ತೆರೆಯಿರಿ

ವಸ್ತುವಿನ ಚಿತ್ರದ ಕೆಳಗೆ "ಮಾರುವವರು" ಎಂದು ಒಂದು ಹೆಸರು, "ಕಳಿಸುವವರು" ಎಂದು ಇನ್ನೊಂದು ಹೆಸರು ಇರುತ್ತದೆ. ಕೆಲವು ತಾಣಗಳಲ್ಲಿ ಎರಡೂ ಒಂದೇ ಸಾಲಿನಲ್ಲಿರುತ್ತವೆ. ಕಳಿಸುವ ಹೊಣೆ ಮಾರಾಟ ತಾಣದ್ದೇ ಆಗಿದ್ದರೆ ಸಾಮಾನು ಅವರ ಗೋದಾಮಿನಲ್ಲಿ ಇದೆ ಎಂದರ್ಥ. ಮಾರಾಟಗಾರನೇ ಕಳಿಸುವುದಾದರೆ ಅವನು ಹೇಳಿದ ಊರನ್ನು ನೀವೇ ಪರೀಕ್ಷಿಸಬೇಕು.

ಮಾರಾಟಗಾರನ ಹೆಸರನ್ನು ಒತ್ತಿದರೆ ಅವನ ವಿವರ ತೆರೆಯುತ್ತದೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಮಾರಾಟಗಾರನ ವ್ಯವಹಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರನ್ನು ತಾಣ ಗ್ರಾಹಕನಿಗೆ ಕಾಣುವಂತೆ ಹಾಕಬೇಕು. ವಸ್ತು ಯಾವ ದೇಶದ್ದು ಎಂಬುದನ್ನು ಕೊಳ್ಳುವ ಮೊದಲೇ ತಿಳಿಸುವುದು ಮಾರಾಟಗಾರನ ಕರ್ತವ್ಯ. ವಿಳಾಸದ ಜಾಗದಲ್ಲಿ ಬರೀ ಊರಿನ ಹೆಸರು, ಅಥವಾ "ಕೂರ್ಗ್, ಭಾರತ" ಎಂದಷ್ಟೇ ಇದ್ದರೆ ನಾನಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತೇನೆ.

ವಿಳಾಸದಲ್ಲಿ ಮೊದಲು ನೋಡಬೇಕಾದದ್ದು ಪಿನ್‌ಕೋಡ್. ಊರಿನ ಹೆಸರನ್ನು ಹೇಗೂ ಬರೆಯಬಹುದು, ಪಿನ್ ಮಾತ್ರ ಅಂಚೆಯ ಲೆಕ್ಕದಂತೆಯೇ ಇರಬೇಕು. ಮಡಿಕೇರಿ 571201, ಗೋಣಿಕೊಪ್ಪ 571213, ವಿರಾಜಪೇಟೆ 571218, ಕುಶಾಲನಗರ 571234, ಸೋಮವಾರಪೇಟೆ 571236. ಕೊಡಗಿನ ಪಿನ್‌ಗಳು ಸಾಮಾನ್ಯವಾಗಿ 5712 ಎಂದು ಶುರುವಾಗುತ್ತವೆ. ಬರೀ 571 ನೋಡಿ ಸಮಾಧಾನಪಡಬೇಡಿ, ಹುಣಸೂರು, ಪಿರಿಯಾಪಟ್ಟಣ, ಮಂಡ್ಯ ಎಲ್ಲವೂ 571ರಲ್ಲೇ ಬರುತ್ತವೆ. ಬೆಂಗಳೂರು 560, ದೆಹಲಿ 110, ಗುರುಗ್ರಾಮ 122, ಸೂರತ್ 395, ಜೈಪುರ 302. ವಿಳಾಸದಲ್ಲಿ ಮಡಿಕೇರಿ ಎಂದಿದ್ದು ಪಿನ್ 122ರಿಂದ ಶುರುವಾದರೆ ಊರಿನ ಹೆಸರು ಅಲಂಕಾರಕ್ಕೆ ಇದೆ.

2. ಜಿಎಸ್‌ಟಿ ನಂಬರನ್ನು ಓದಿ

ಇದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಗುಜರಾತ್ 24, ರಾಜಸ್ಥಾನ 08, ದೆಹಲಿ 07, ಹರಿಯಾಣ 06. ಅದರ ನಂತರದ ಹತ್ತು ಮಾಲೀಕನ ಅಥವಾ ಸಂಸ್ಥೆಯ ಪ್ಯಾನ್.

ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ "ತೆರಿಗೆದಾರರನ್ನು ಹುಡುಕಿ" ಎಂಬ ಸೌಲಭ್ಯ ಇದೆ. ಲಾಗಿನ್ ಬೇಡ, ಹಣ ಬೇಡ. ನಂಬರ್ ಹಾಕಿದರೆ ವ್ಯವಹಾರದ ಕಾನೂನುಬದ್ಧ ಹೆಸರು, ನೋಂದಣಿಯಾದ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು, ಮುಖ್ಯ ವ್ಯವಹಾರ ಸ್ಥಳ ಕಾಣುತ್ತವೆ. "ನಾಲ್ಕು ತಲೆಮಾರಿನ ಕೂರ್ಗ್ ತೋಟದ ಮನೆ" ಎಂದು ಬರೆದುಕೊಂಡವರ ಮುಖ್ಯ ಸ್ಥಳ ಬೇರೆ ರಾಜ್ಯದಲ್ಲಿದ್ದರೆ ಕೇಳಬೇಕಾದ ಪ್ರಶ್ನೆ ನಿಮಗೆ ಸಿಕ್ಕಿತು.

ಎಡವುವ ಜಾಗಗಳು ಇಲ್ಲಿ ಎರಡಿವೆ. 29 ಇದ್ದ ಮಾತ್ರಕ್ಕೆ ಕೊಡಗು ಎಂದಲ್ಲ, ಕರ್ನಾಟಕ ಎಂದಷ್ಟೇ. ದೆಹಲಿಯ ವ್ಯಾಪಾರಿಯೂ ಬೆಂಗಳೂರಿನ ಗೋದಾಮಿನಿಂದ ಮಾರಲು ಕರ್ನಾಟಕದ ನೋಂದಣಿ ಪಡೆದಿರುತ್ತಾನೆ, ಅದು ಕಾನೂನಿನಂತೆಯೇ ಇದೆ. ಇನ್ನು, ಜಿಎಸ್‌ಟಿ ನಂಬರೇ ಇಲ್ಲದವರೆಲ್ಲ ಮೋಸಗಾರರಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿ ಬೇಕಿಲ್ಲದ ಸಣ್ಣ ವ್ಯಾಪಾರಿಗಳೂ ಕೆಲವು ಷರತ್ತಿನ ಮೇಲೆ ತಮ್ಮ ರಾಜ್ಯದೊಳಗೆ ಇಂಥ ತಾಣಗಳಲ್ಲಿ ಮಾರಬಹುದು. ಮನೆಯಲ್ಲಿ ಉಪ್ಪಿನಕಾಯಿ, ಚಾಕೊಲೇಟ್ ಮಾಡುವ ಎಷ್ಟೋ ಮಂದಿ ಹೀಗಿದ್ದಾರೆ. ಅವರ ವಿಷಯದಲ್ಲಿ ವಿಳಾಸ ಮತ್ತು ಫೋನ್ ನಂಬರೇ ಆಧಾರ. ಒಮ್ಮೆ ಫೋನ್ ಮಾಡಿ ಮಾತಾಡಿಬಿಡಿ.

3. ತಿನ್ನುವ ವಸ್ತುವಾದರೆ ಇನ್ನೊಂದು ನಂಬರ್

ಜೇನು, ಏಲಕ್ಕಿ, ಕಾಫಿಪುಡಿ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ) ಕೊಳ್ಳುವವರು ಪೊಟ್ಟಣದ ಹಿಂಬದಿಯ ಚಿತ್ರ ಕಡ್ಡಾಯವಾಗಿ ನೋಡಿ. ಚಿತ್ರ ಹಾಕಿರದಿದ್ದರೆ ಕೇಳಿ. ಅದರಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಆಹಾರ ಸುರಕ್ಷತಾ ಪರವಾನಗಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿ 1 ಆದರೆ ಲೈಸೆನ್ಸ್, 2 ಆದರೆ ಸಣ್ಣವರ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ ಗುರುತು, ಕರ್ನಾಟಕಕ್ಕೆ 12. ಅಲ್ಲಿ 00 ಇದ್ದರೆ ಅದು ಕೇಂದ್ರದ ಲೈಸೆನ್ಸ್, ರಾಜ್ಯ ತಿಳಿಯುವುದಿಲ್ಲ. ಜಿಎಸ್‌ಟಿಯಲ್ಲಿ ಕರ್ನಾಟಕ 29, ಇಲ್ಲಿ 12, ಎರಡನ್ನೂ ಅದಲು ಬದಲು ಮಾಡಿಕೊಳ್ಳಬೇಡಿ. ಪ್ರಾಧಿಕಾರದ ಫಾಸ್ಕೋಸ್ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿ ಯಾರ ಹೆಸರಿನಲ್ಲಿದೆ ಎಂದು ನೋಡಬಹುದು.

ಅದೇ ಚೀಟಿಯಲ್ಲಿ "ತಯಾರಿಸಿದವರು", "ಪ್ಯಾಕ್ ಮಾಡಿದವರು", "ಮಾರುಕಟ್ಟೆಗೆ ತಂದವರು" ಎಂದು ಬೇರೆ ಬೇರೆ ವಿಳಾಸ ಇರಬಹುದು. ದೊಡ್ಡ ಅಕ್ಷರದಲ್ಲಿ ಮಾರುಕಟ್ಟೆಗೆ ತಂದವರ ಕೊಡಗಿನ ವಿಳಾಸ, ಸಣ್ಣ ಅಕ್ಷರದಲ್ಲಿ ಪ್ಯಾಕ್ ಮಾಡಿದವರ ಹೊರರಾಜ್ಯದ ವಿಳಾಸ ಇರುವುದನ್ನು ಕಂಡಿದ್ದೇನೆ. ಪೊಟ್ಟಣಕ್ಕೆ ಕಟ್ಟಿದ ವಸ್ತುಗಳ ನಿಯಮಗಳಡಿ ತಯಾರಕ, ಪ್ಯಾಕ್ ಮಾಡಿದವ ಅಥವಾ ಆಮದುದಾರನ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಬೆಲೆ ಮುಂತಾದ ವಿವರ 2018ರ ಜನವರಿ 1ರಿಂದ ಆನ್‌ಲೈನ್ ಪುಟದಲ್ಲೂ ಕಾಣಬೇಕು. ಕಾಣದಿದ್ದರೆ ಅದೇ ಒಂದು ಉಲ್ಲಂಘನೆ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಬಗ್ಗೆ ಒಂದು ಮಾತು. ಇಂಥ ಬೆಳೆ ಇಂಥ ಸೀಮೆಯದು ಎಂದು ಕಾನೂನು ಕೊಡುವ ಮಾನ್ಯತೆ ಅದು. ಕೂರ್ಗ್ ಕಿತ್ತಳೆಗೂ ಕೂರ್ಗ್ ಹಸಿರು ಏಲಕ್ಕಿಗೂ ಇದೆ, ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಸಿಕ್ಕಿತು. ಈ ಟ್ಯಾಗ್ ಹೇಳುವುದು ಎಲ್ಲಿ ಬೆಳೆದದ್ದು ಎಂಬುದನ್ನು, ಎಲ್ಲಿಂದ ಕಳಿಸಿದ್ದು ಎಂಬುದನ್ನಲ್ಲ. ಪುಟದಲ್ಲಿ ಜಿಐ ಲಾಂಛನ ಹಾಕಿಕೊಂಡವರನ್ನು "ನೀವು ಅಧಿಕೃತ ಬಳಕೆದಾರರೆಂದು ನೋಂದಾಯಿಸಿದ್ದೀರಾ?" ಎಂದು ಕೇಳಿ. ಬೆಳೆಗೆ ಟ್ಯಾಗ್ ಸಿಕ್ಕಿದ ಮೇಲೂ ಅದನ್ನು ಬಳಸುವವರು ತಮ್ಮ ಹೆಸರನ್ನು ಬೇರೆಯಾಗಿ ನೋಂದಾಯಿಸಬೇಕಾಗುತ್ತದೆ.

4. ಪಿನ್ ಬದಲಿಸಿ ದಿನ ನೋಡಿ

ವಸ್ತುವಿನ ಪುಟದಲ್ಲಿ ತಲುಪಿಸುವ ಪಿನ್ ಹಾಕಿದರೆ ಯಾವ ದಿನ ಬರುತ್ತದೆ ಎಂದು ತೋರಿಸುತ್ತದೆ. ಮೊದಲು 571201 ಹಾಕಿ, ಆಮೇಲೆ 560001, ಆಮೇಲೆ 110001. ಬೆಂಗಳೂರಿನಲ್ಲಿ ಸ್ಟಾಕ್ ಇದೆ ಎನ್ನುವ ವಸ್ತು ದೆಹಲಿಗೆ ನಾಳೆ, ಬೆಂಗಳೂರಿಗೆ ಐದು ದಿನ ಎಂದು ತೋರಿಸಿದರೆ ಅದು ಇರುವುದು ದೆಹಲಿಯ ಹತ್ತಿರ. ಎಲ್ಲ ಊರಿಗೂ ಹದಿನೈದರಿಂದ ಮೂವತ್ತು ದಿನ ಎಂದು ಬಂದರೆ ದೇಶದೊಳಗೆ ಇಲ್ಲ ಎಂದೇ ನಾನು ಓದಿಕೊಳ್ಳುತ್ತೇನೆ. ಇದು ಅಂದಾಜು, ಪುರಾವೆಯಲ್ಲ. ಹಬ್ಬದ ಮಾರಾಟದ ದಿನಗಳಲ್ಲಿ ಈ ಲೆಕ್ಕ ಏರುಪೇರಾಗುತ್ತದೆ.

5. ಮಾರಾಟಗಾರನನ್ನು ಬರಹದಲ್ಲಿ ಕೇಳಿ

ಫೋನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ತಾಣದೊಳಗಿನ ಸಂದೇಶ ಪೆಟ್ಟಿಗೆಯಲ್ಲೇ ಕೇಳಿ. ಅಲ್ಲಿಂದ ವಾಟ್ಸಾಪಿಗೆ ಬನ್ನಿ ಎಂದು ಕರೆದರೆ ಹೋಗಬೇಡಿ. ಹೊರಗೆ ಆಡಿದ ಮಾತಿಗೆ, ಹೊರಗೆ ಕೊಟ್ಟ ಹಣಕ್ಕೆ ತಾಣ ಹೊಣೆಯಾಗುವುದಿಲ್ಲ. ಕೇಳುವ ಬಗೆ ಹೀಗಿರಲಿ:

"ನಮಸ್ಕಾರ. ಈ ವಸ್ತು ನಿಮ್ಮ ಬಳಿ ಈಗ ಸ್ಟಾಕ್ ಇದೆಯೇ? ಯಾವ ಊರಿನಿಂದ, ಯಾವ ಪಿನ್‌ಕೋಡಿನಿಂದ ರವಾನೆಯಾಗುತ್ತದೆ? ಯಾವ ಕೊರಿಯರ್? ತಯಾರಾದ ದೇಶ ಯಾವುದು? ಪಾರ್ಸೆಲ್ ಬೇರೆ ಊರಿನಿಂದ ಬಂದರೆ ವಾಪಸ್ ಮಾಡಿ ಪೂರ್ತಿ ಹಣ ಪಡೆಯಬಹುದೇ?"

ನೇರ ಮನುಷ್ಯನಿಗೆ ಇದಕ್ಕೆ ಎರಡು ಸಾಲಿನ ಉತ್ತರ ಸಾಕು. "ಚಿಂತೆ ಬೇಡ ಸರ್, ಬೇಗ ಬರುತ್ತದೆ" ಎಂದಷ್ಟೇ ಬಂದರೆ ಉತ್ತರ ಬಂದಿಲ್ಲ ಎಂದೇ ತಿಳಿಯಿರಿ. ಎಷ್ಟೋ ಸಲ ಮಾರಾಟಗಾರನಿಗೇ ಗೊತ್ತಿರುವುದಿಲ್ಲ. ಡ್ರಾಪ್‌ಶಿಪ್ಪಿಂಗ್ ಎಂಬ ಪದ್ಧತಿಯಲ್ಲಿ ಅವನ ಹತ್ತಿರ ಸಾಮಾನೇ ಇರುವುದಿಲ್ಲ. ನಿಮ್ಮ ಆರ್ಡರ್ ಬಂದ ಮೇಲೆ ಮೂರನೆಯವರಿಗೆ ಆರ್ಡರ್ ಹಾಕುತ್ತಾನೆ, ಅವರು ನೇರ ನಿಮ್ಮ ವಿಳಾಸಕ್ಕೆ ಕಳಿಸುತ್ತಾರೆ. ಆ ಪದ್ಧತಿ ಅಪರಾಧವಲ್ಲ. ಆದರೆ "ಬೆಂಗಳೂರಲ್ಲಿ ಸ್ಟಾಕ್ ಇದೆ" ಎಂದು ಬರೆದು ಹಾಗೆ ಮಾಡುವುದು ಸುಳ್ಳು.

ಆರ್ಡರ್ ಒತ್ತುವ ಮುಂಚೆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ: ವಸ್ತುವಿನ ಹೆಸರು, ಬೆಲೆ, ರವಾನೆಯ ಊರು, ಬರುವ ದಿನ, ಮಾರಾಟಗಾರನ ಹೆಸರು ಎಲ್ಲ ಕಾಣುವಂತೆ. ದೂರು ಬಂದ ಮರುದಿನವೇ ಆ ಸಾಲನ್ನು ತಿದ್ದಿಬಿಡುವವರಿದ್ದಾರೆ.

6. ಹೊರಟ ಮೇಲೆ: ಮೊದಲ ಸ್ಕ್ಯಾನ್ ಎಲ್ಲಿ?

ಟ್ರ್ಯಾಕಿಂಗ್ ನಂಬರ್ ಬಂದ ಕೂಡಲೇ ಕೊರಿಯರ್ ಕಂಪನಿಯ ಸ್ವಂತ ಜಾಲತಾಣದಲ್ಲೇ ಹಾಕಿ ನೋಡಿ. ಮಾರಾಟ ತಾಣ ತೋರಿಸುವುದು ಸಂಕ್ಷೇಪ. ಕೊರಿಯರಿನವರು ಪೂರ್ತಿ ಪಟ್ಟಿ ಕೊಡುತ್ತಾರೆ. ಅದರ ತಳದ ಸಾಲಿಗೆ ಹೋಗಿ. "ವಿವರ ಬಂದಿದೆ", "ಲೇಬಲ್ ಸಿದ್ಧ" ಎಂಬ ಸಾಲುಗಳನ್ನು ಬಿಡಿ, ಅವು ಕಂಪ್ಯೂಟರಿನಲ್ಲಿ ಚೀಟಿ ತಯಾರಾದದ್ದನ್ನು ಹೇಳುತ್ತವೆ, ಪಾರ್ಸೆಲ್ ಕೈಗೆ ಬಂದದ್ದನ್ನಲ್ಲ. ಅದಾದ ಮೇಲೆ ಪಾರ್ಸೆಲ್ ಮೊದಲು ಎಲ್ಲಿ ಎತ್ತಿಕೊಂಡರು ಎಂಬ ಸಾಲೇ ನಿಮಗೆ ಬೇಕಾದ ಊರು.

ಸ್ಪೀಡ್ ಪೋಸ್ಟ್ ಆದರೆ ಇನ್ನೂ ಸುಲಭ, ಬುಕ್ ಆದ ಅಂಚೆ ಕಚೇರಿಯ ಹೆಸರೇ ಬರುತ್ತದೆ. ನಾಪೋಕ್ಲು, ಪೊನ್ನಂಪೇಟೆ ಎಂದು ಬಂದರೆ ಅನುಮಾನಕ್ಕೆ ಜಾಗವಿಲ್ಲ. ಅಂಚೆಯ ನಂಬರಿನಲ್ಲಿ 13 ಅಕ್ಷರ ಮತ್ತು ಅಂಕಿಗಳಿರುತ್ತವೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ವಿಶ್ವ ಅಂಚೆ ಒಕ್ಕೂಟದ ಮಾದರಿ ಇದು. ಕೊನೆಯಲ್ಲಿ "ಐ ಎನ್" ಇದ್ದರೆ ಭಾರತದಲ್ಲಿ ಬುಕ್ ಆದದ್ದು, "ಸಿ ಎನ್" ಇದ್ದರೆ ಚೀನಾದಲ್ಲಿ, "ಜಿ ಬಿ" ಇದ್ದರೆ ಬ್ರಿಟನ್ನಿನಲ್ಲಿ.

ತಪ್ಪು ತಿಳಿಯುವ ಅಪಾಯ ಇಲ್ಲಿ ಹೆಚ್ಚು. ಗೋಣಿಕೊಪ್ಪದಿಂದ ಹೊರಟ ಪಾರ್ಸೆಲ್ ಮೈಸೂರು, ಬೆಂಗಳೂರಿನ ಹಬ್‌ಗಳನ್ನು ದಾಟಿಯೇ ಹುಬ್ಬಳ್ಳಿಗೆ ಬರುವುದು. ಹಬ್ ಎಂದರೆ ಸುತ್ತಲಿನ ಊರುಗಳ ಪಾರ್ಸೆಲ್ ಒಟ್ಟು ಮಾಡಿ ವಿಂಗಡಿಸುವ ದೊಡ್ಡ ಕೇಂದ್ರ. ನಡುವೆ ಬೆಂಗಳೂರು ಕಂಡಿತೆಂದು ಜಗಳಕ್ಕೆ ನಿಲ್ಲಬೇಡಿ. ಕೆಲವು ಕೊರಿಯರುಗಳು ಸಣ್ಣ ಊರಿನಲ್ಲಿ ಎತ್ತಿಕೊಂಡಾಗ ಸ್ಕ್ಯಾನ್ ಮಾಡದೆ ಮೈಸೂರಿಗೆ ತಂದ ಮೇಲೆ ಮಾಡುತ್ತವೆ. ಅದಕ್ಕಾಗಿ ಮೈಸೂರು ಎಂಬ ಮೊದಲ ಸ್ಕ್ಯಾನನ್ನು ನಾನು ಕೊಡಗಿಗೆ ವಿರುದ್ಧದ ಸಾಕ್ಷಿಯಾಗಿ ಹಿಡಿಯುವುದಿಲ್ಲ. ಜೈಪುರ ಎಂದು ಬಂದರೆ ಹಿಡಿಯುತ್ತೇನೆ.

ಇನ್ನೊಂದು ಕೆಟ್ಟ ಉಪಾಯ ಇದೆ. ಬೇರೆ ಯಾರದೋ ಪಾರ್ಸೆಲ್ಲಿನ ನಂಬರ್ ನಿಮಗೆ ಕೊಟ್ಟು, ಅದು ನಿಮ್ಮದೇ ಪಿನ್‌ಕೋಡಿನಲ್ಲಿ "ತಲುಪಿದೆ" ಎಂದು ಬಂದ ಮೇಲೆ ಕೈ ತೊಳೆದುಕೊಳ್ಳುವುದು. ಹೀಗಾದರೆ ಕೂಡಲೇ ಆ ಅಂಚೆ ಕಚೇರಿಗೋ ಕೊರಿಯರ್ ಶಾಖೆಗೋ ಹೋಗಿ, ಆ ನಂಬರಿನ ಪಾರ್ಸೆಲ್ ನಿಮ್ಮ ಹೆಸರಿಗೆ, ನಿಮ್ಮ ವಿಳಾಸಕ್ಕೆ ಬಂದಿರಲಿಲ್ಲ ಎಂದು ಬರೆದುಕೊಡಲು ಕೇಳಿ. ಊರಿನ ಅಂಚೆಯವರು ಪರಿಚಿತರೇ ಆಗಿರುವುದರಿಂದ ನಮ್ಮಲ್ಲಿ ಇದು ಕಷ್ಟವಾಗಲಾರದು.

ಹೊರದೇಶದ ಪಾರ್ಸೆಲ್ ಎಂದು ಗೊತ್ತಾದರೆ ಸುಂಕದ ಕರೆಗೆ ಸಿದ್ಧರಿರಿ, ಜೊತೆಗೆ ಸುಂಕದ ಹೆಸರಿನ ಮೋಸಕ್ಕೂ. ಕೊರಿಯರಿನವರು ಗುರುತಿನ ದಾಖಲೆ ಕೇಳುವುದು ನಿಯಮದಂತೆಯೇ ಇದೆ. ಆದರೆ ಕಸ್ಟಮ್ಸ್ ಅಧಿಕಾರಿ ಎಂದು ಹೇಳಿಕೊಂಡು ತನ್ನ ಯುಪಿಐಗೆ ಹಣ ಹಾಕಿ ಎನ್ನುವವನು ಅಧಿಕಾರಿಯಲ್ಲ. ಕಸ್ಟಮ್ಸ್ ಇಲಾಖೆಯ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ಪರೀಕ್ಷಿಸಬಹುದು.

7. ಕೈಗೆ ಬಂದಾಗ

ಪಾರ್ಸೆಲ್ ಒಡೆಯುವ ಮೊದಲು ಆರೂ ಬದಿಯ ಫೋಟೊ ತೆಗೆಯಿರಿ. ಕಳಿಸಿದವರ ವಿಳಾಸ, "ತಲುಪದಿದ್ದರೆ ಹಿಂದಿರುಗಿಸಬೇಕಾದ ವಿಳಾಸ", ಪಿನ್, ತೂಕ, ಬುಕ್ ಆದ ದಿನ ಸ್ಪಷ್ಟವಾಗಿರಲಿ. ಒಡೆಯುವುದನ್ನು ಮೊದಲಿಂದ ಕೊನೆತನಕ ನಿಲ್ಲಿಸದೆ ವಿಡಿಯೊ ಮಾಡಿ. ಹಿಂದಿರುಗಿಸಬೇಕಾದ ವಿಳಾಸ ಕಳಿಸಿದವರ ವಿಳಾಸಕ್ಕಿಂತ ಬೇರೆಯಾಗಿರುವುದು ಸಾಮಾನ್ಯ, ದೊಡ್ಡ ತಾಣಗಳು ವಾಪಸು ಬಂದ ಸಾಮಾನಿಗೆ ಬೇರೆ ಗೋದಾಮು ಇಟ್ಟಿರುತ್ತವೆ. ಅದೊಂದನ್ನೇ ಹಿಡಿದು ತೀರ್ಮಾನಿಸಬೇಡಿ.

ಆಮೇಲೆ ಬಿಲ್ಲು. ಇದರಲ್ಲಿ ನನಗೆ ಬಹಳ ನಂಬಿಕೆ. ಕರ್ನಾಟಕದ ಮಾರಾಟಗಾರ ಕರ್ನಾಟಕದ ನಿಮ್ಮ ವಿಳಾಸಕ್ಕೆ ಮಾರಿದರೆ ತೆರಿಗೆ ಎರಡು ಭಾಗವಾಗಿ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಬೀಳುತ್ತದೆ. ಹೊರರಾಜ್ಯದ ನೋಂದಣಿಯಿಂದ ಮಾರಿದರೆ ಐಜಿಎಸ್‌ಟಿ ಎಂದು ಒಂದೇ ಸಾಲು. "ಮಡಿಕೇರಿಯ ನಮ್ಮ ಅಂಗಡಿಯಿಂದ" ಎಂದು ಮಾತು ಕೊಟ್ಟವರ ಬಿಲ್ಲಿನಲ್ಲಿ ಐಜಿಎಸ್‌ಟಿ ಇದ್ದರೆ ಆ ಮಾತನ್ನು ಅವರ ಕಾಗದವೇ ಅಲ್ಲಗಳೆದಂತಾಯಿತು. ತೆರಿಗೆ ಇಲ್ಲದ ವಸ್ತುವಿಗೆ "ಬಿಲ್ ಆಫ್ ಸಪ್ಲೈ" ಬರುತ್ತದೆ, ಅದರಲ್ಲಿ ಈ ಸಾಲುಗಳು ಇರುವುದಿಲ್ಲ, ನಂಬರಿನ ಮೊದಲೆರಡು ಅಂಕಿಯನ್ನೇ ನೋಡಬೇಕು. ಬಿಲ್ಲೇ ಬಂದಿಲ್ಲವಾದರೆ ತಾಣದ ನಿಮ್ಮ ಆರ್ಡರ್ ಪುಟದಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ ಬರಹದಲ್ಲಿ ಕೇಳಿ.

8. ವಾಪಸ್ ಮತ್ತು ದೂರು

ಅವಧಿ ಮೀರದಂತೆ ನೋಡಿಕೊಳ್ಳಿ. ವಾಪಸ್ ಮಾಡುವ ಕಿಟಕಿ ಕೆಲವು ವಸ್ತುಗಳಿಗೆ ಕೆಲವೇ ದಿನ ತೆರೆದಿರುತ್ತದೆ. "ನಾಳೆ ನೋಡೋಣ ಸರ್, ಮೇಲಿನವರಿಗೆ ಹೇಳಿದ್ದೇನೆ" ಎಂದು ಮಾರಾಟಗಾರ ದಿನ ದೂಡುವುದು ಆ ಕಿಟಕಿ ಮುಚ್ಚಲೆಂದೇ. ಮಾತುಕತೆ ನಡೆಯುತ್ತಿರಲಿ, ತಾಣದಲ್ಲಿ ವಾಪಸ್ ಕೋರಿಕೆಯನ್ನು ಮೊದಲ ದಿನವೇ ಹಾಕಿಬಿಡಿ. ಕಾರಣ ಆರಿಸುವಾಗ "ಮನಸ್ಸು ಬದಲಾಯಿತು" ಎಂಬುದನ್ನು ಒತ್ತಲೇಬೇಡಿ, ವಾಪಸಿನ ಖರ್ಚು ನಿಮ್ಮ ಮೇಲೆ ಬರಬಹುದು. "ವಿವರಿಸಿದಂತೆ ಇಲ್ಲ" ಎಂಬುದೇ ಸರಿಯಾದ ಕಾರಣ. ವಿವರಿಸಿದಂತೆ ಇಲ್ಲದ, ಅಥವಾ ಹೇಳಿದ ದಿನಕ್ಕೆ ಬಾರದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ನಿಯಮಗಳು ಹೇಳುತ್ತವೆ. ಪ್ರಕೃತಿ ವಿಕೋಪದಂಥ ಕಾರಣದಿಂದ ತಡವಾದರೆ ಅವನಿಗೆ ವಿನಾಯಿತಿ ಇದೆ. ಸಂಪಾಜೆ ರಸ್ತೆ ಕುಸಿದ ವಾರದಲ್ಲಿ ತಡವಾದದ್ದಕ್ಕೆ ಮಾರಾಟಗಾರನನ್ನು ದೂರುವಂತಿಲ್ಲ.

ಮಾರಾಟಗಾರ ಒಪ್ಪದಿದ್ದರೆ ತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಪ್ರತಿ ತಾಣವೂ ಇಂಥ ಅಧಿಕಾರಿಯ ಹೆಸರು, ಸಂಪರ್ಕ ಕೊಡಲೇಬೇಕು. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಪತ್ರ ಚಿಕ್ಕದಿರಲಿ: "ನಿಮ್ಮ ತಾಣದಲ್ಲಿ ಈ ದಿನ ಈ ಆರ್ಡರ್ ಮಾಡಿದೆ. ರವಾನೆ ಮಡಿಕೇರಿಯಿಂದ ಎಂದು ಪುಟದಲ್ಲಿತ್ತು (ಚಿತ್ರ 1). ಮೊದಲ ಸ್ಕ್ಯಾನ್ ಈ ಊರಿನಲ್ಲಿ ಆಗಿದೆ (ಚಿತ್ರ 2). ಬಿಲ್ಲಿನಲ್ಲಿ ಹೊರರಾಜ್ಯದ ನೋಂದಣಿ ಇದೆ (ಚಿತ್ರ 3). ಇದು ತಪ್ಪು ಮಾಹಿತಿ ಕೊಟ್ಟು ಮಾರಿದಂತೆ. ಪೂರ್ತಿ ಹಣ, ವಾಪಸಿನ ಖರ್ಚು ಕೊಡಿಸಿ. ಮಾರಾಟಗಾರನ ಪೂರ್ಣ ವಿಳಾಸ ಕೊಡಿ." ಬರಹದಲ್ಲಿ ಕೇಳಿದ ಗ್ರಾಹಕನಿಗೆ ಮಾರಾಟಗಾರನ ವಿವರ ಕೊಡುವುದು ತಾಣದ ಕರ್ತವ್ಯ. ಆ ಕೊನೆಯ ಸಾಲು ಬಿಡಬೇಡಿ, ಮುಂದೆ ನೋಟಿಸ್ ಕಳಿಸಲು ಆ ವಿಳಾಸ ಬೇಕೇ ಬೇಕು.

ಅದಕ್ಕೂ ಜಗ್ಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ದಾಟಿಸಿ ಉತ್ತರ ತರಿಸುತ್ತಾರೆ. ಸಣ್ಣ ಮೊತ್ತದ ದೂರಿಗೆ ಮೊದಲು ಇದನ್ನೇ ಹಿಡಿಯಿರಿ ಎಂದು ನಾನು ಹೇಳುವುದು. ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಜೊತೆಗೇ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ವಿವಾದದ ಪಾವತಿಯನ್ನು ಹಿಂದಕ್ಕೆ ಕರೆಸುವ ಕೋರಿಕೆ ಸಲ್ಲಿಸಿ. ಇದಕ್ಕೂ ಕಾಲಮಿತಿ ಇದೆ.

ಮೊತ್ತ ದೊಡ್ಡದಾದರೆ ಅಥವಾ ಫಸಲಿಗೆ ಪೆಟ್ಟಾಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಡಗಿನದು ಮಡಿಕೇರಿಯಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ದೊಡ್ಡ ಅನುಕೂಲವಾಗಿದೆ: ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನಷ್ಟ ಕೇಳುವಾಗ ಲೆಕ್ಕ ತೋರಿಸಿ. ಪಂಪಿನ ಭಾಗ ತಡವಾಗಿ ಬಂದದ್ದರಿಂದ ಬಾಡಿಗೆಗೆ ಪಂಪ್ ತಂದಿದ್ದರೆ ಅದರ ರಸೀದಿ, ಕಟ್ಟಿದ ಸುಂಕದ ರಸೀದಿ ಜೊತೆಗಿರಲಿ. ರಸೀದಿ ಇಲ್ಲದ ದೊಡ್ಡ ಮೊತ್ತ ಬರೆದರೆ ದೂರೇ ಹಗುರಾಗುತ್ತದೆ.

ಮಾರಾಟ ತಾಣವೇ ಇಲ್ಲದೆ ಇನ್‌ಸ್ಟಾಗ್ರಾಮ್ ಪುಟ ನೋಡಿ, ಯಾರದೋ ಯುಪಿಐಗೆ ಹಣ ಹಾಕಿ, ಸಾಮಾನೂ ಬಾರದೆ ಪುಟವೂ ಮಾಯವಾಗಿದ್ದರೆ ಅದು ಈ ಲೇಖನದ ದಾರಿಯಲ್ಲ, ಸೈಬರ್ ಅಪರಾಧ. ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಬೇಗ ಹೇಳಿದಾಗ ಮಾತ್ರ.

ಕೊಡಗಿನಿಂದ ಮಾರುವವರಿಗೆ

ಬೆಳೆದದ್ದು, ಪ್ಯಾಕ್ ಮಾಡಿದ್ದು, ರವಾನೆಯಾಗುವುದು ಎಲ್ಲಿ ಎಂದು ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. "ಬೆಳೆದದ್ದು ಸಿದ್ದಾಪುರದ ನಮ್ಮ ತೋಟದಲ್ಲಿ, ಹುರಿದು ಪ್ಯಾಕ್ ಮಾಡಿದ್ದು ಕುಶಾಲನಗರದಲ್ಲಿ, ರವಾನೆ ಬೆಂಗಳೂರು ಗೋದಾಮಿನಿಂದ" ಎಂದು ಬರೆದರೆ ಯಾವ ಗ್ರಾಹಕನೂ ಬೇಸರಪಡುವುದಿಲ್ಲ. ಬೇಸರ ಬರುವುದು ಬರೆಯದೆ ಬಿಟ್ಟಾಗ. ಮಳೆಗಾಲದಲ್ಲಿ ತಲುಪುವ ದಿನವನ್ನು ಎರಡು ಮೂರು ದಿನ ಹೆಚ್ಚಿಗೆ ಇಟ್ಟುಬಿಡಿ.

ನಿಮ್ಮ ತೋಟದ ಫೋಟೊ, ನಿಮ್ಮ ಹೆಸರನ್ನೇ ಕದ್ದು ಬೇರೆ ಯಾರೋ ಹೊರರಾಜ್ಯದಿಂದ ಮಾರುತ್ತಿದ್ದರೆ ನೀವೇ ಒಂದು ಪೊಟ್ಟಣ ತರಿಸಿ, ಮೇಲಿನ ಆರನೇ ಮತ್ತು ಏಳನೇ ಹಂತದಂತೆ ಸಾಕ್ಷಿ ಕೂಡಿಸಿ, ತಾಣದ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಜೊತೆಗೆ ನೀವು ತೆಗೆದ ಮೂಲ ಫೋಟೊ ಫೈಲ್ ಕೊಡಿ. ವಾಟ್ಸಾಪಿನಲ್ಲಿ ಹೋಗಿ ಬಂದ ಪ್ರತಿ ಬೇಡ, ಅದರಲ್ಲಿ ತೆಗೆದ ದಿನಾಂಕದ ವಿವರ ಅಳಿಸಿಹೋಗಿರುತ್ತದೆ.